ಚರ್ಮದ ರಟ್ಟಿನ ಕವಿಗಳ ಬೆನ್ನು ಹತ್ತಿ

ಸೋಮವಾರ, ಲಂಡನ್

ಚಾರಿಂಗ್ ಕ್ರಾಸ್ ರಸ್ತೆಯಿಂದ ಸೇಂಟ್ ಮಾರ್ಟಿನ್ಸ್ ಲೇನ್‌ಗೆ ದಾಟಿಸುವ ಒಂದು ಓಣಿ ಇದೆ. ಹೆಸರು ಸೆಸಿಲ್ ಕೋರ್ಟ್. ವಾಹನ ಓಡಾಡುವುದಿಲ್ಲ. ಎರಡೂ ಬದಿಗೆ ಹಸಿರು ಚೌಕಟ್ಟಿನ ಅಂಗಡಿಗಳು, ಗಾಜಿನ ಹಿಂದೆ ಹಳೇ ಪುಸ್ತಕ, ನಕ್ಷೆ, ನಾಟಕದ ಪೋಸ್ಟರು. 1764ರಲ್ಲಿ ಎಂಟು ವರ್ಷದ ಮೊಜಾರ್ಟ್ ಮನೆಯವರ ಜೊತೆ ಲಂಡನ್ನಿಗೆ ಬಂದಾಗ ಇದೇ ಓಣಿಯಲ್ಲಿ ಕೆಲವು ತಿಂಗಳು ಬಾಡಿಗೆಗಿದ್ದ. ಬೆಳಿಗ್ಗೆ ವಿಮಾನ ಇಳಿದು, ತಂಗಿ ಮಗಳ ಮನೆಯಲ್ಲಿ ಸ್ನಾನ ಮಾಡಿ, ಅವಳು ಮಾಡಿದ ಉಪ್ಪಿಟ್ಟು ತಿಂದು, ಮಧ್ಯಾಹ್ನಕ್ಕೆಲ್ಲ ಅಲ್ಲಿಗೆ ಹೋದೆವು. "ಮಾವ, ಒಂದು ಗಂಟೆನಾದ್ರೂ ಮಲಗಿ" ಅಂದಳು. ನಿದ್ದೆ ರಾತ್ರಿ ಮಾಡಿದರಾಯಿತು, ಅಂಗಡಿ ಸಂಜೆಗೆ ಮುಚ್ತಾರಲ್ಲ ಅಂತ ಹೊರಡಿಸಿದೆ. ಅವಳು ನನಗೋಸ್ಕರ ವಾರ ರಜೆ ಹಾಕಿದ್ದಳು.

ನಾನು ಹುಡುಕುವುದು ಇಂಗ್ಲಿಷ್ ಕವಿಗಳ ಹಳೇ ಪುಸ್ತಕಗಳು. ಚರ್ಮದ ರಟ್ಟು ಇರಬೇಕು, ಬೆನ್ನ ಮೇಲೆ ಚಿನ್ನದ ಅಕ್ಷರ ಇರಬೇಕು. ಮೊದಲ ಮುದ್ರಣವೇ ಬೇಕು ಅಂತಿಲ್ಲ. ಕೀಟ್ಸ್, ಶೆಲ್ಲಿಯವರ ಮೊದಲ ಮುದ್ರಣಗಳು ಸಾವಿರಾರು ಪೌಂಡಿನ ಮಾತು, ಅವು ಗಾಜಿನ ಬೀರುವಿನಲ್ಲಿ ಬೀಗದೊಳಗೆ ಇರುತ್ತವೆ. ನನಗೆ ಬೇಕಾದ್ದು ಯಾರೋ ಕೊಂಡು, ಓದಿ, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದ ಪ್ರತಿ. ವಿಕ್ಟೋರಿಯಾ ಕಾಲದ ಅಂಥ ಪ್ರತಿಗಳು ಹದಿನೈದು ಪೌಂಡಿನಿಂದ ಐವತ್ತು ಅರವತ್ತರ ಒಳಗೆ ಧಾರಾಳವಾಗಿ ಸಿಗುತ್ತವೆ.

ಅದರಲ್ಲೂ ಒಂದು ಪುಸ್ತಕ ಈ ಸಲ ಸಿಗಲೇಬೇಕು ಅಂತ ಹೊರಟಿದ್ದೆ. ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂತಲ್ಲ, ಅದರ ಬಹಳಷ್ಟು ಪದ್ಯಗಳ ಮೂಲ ಇರುವುದು ಪಾಲ್‌ಗ್ರೇವ್ ಆರಿಸಿದ 'ಗೋಲ್ಡನ್ ಟ್ರೆಷರಿ' ಎಂಬ ಕವಿತೆಗಳ ಸಂಗ್ರಹದಲ್ಲಿ. ಮ್ಯಾಕ್‌ಮಿಲನ್‌ನವರು 1861ರಲ್ಲಿ ಮೊದಲು ಅಚ್ಚು ಹಾಕಿದ್ದು. ನಮ್ಮ ಕಡೆಯ ಕಾಲೇಜುಗಳಲ್ಲೂ ಎಷ್ಟೋ ತಲೆಮಾರು ಅದನ್ನು ಪಾಠವಾಗಿ ಓದಿದೆ. ನನ್ನ ಹತ್ತಿರ ಇದ್ದದ್ದು ಬಟ್ಟೆ ರಟ್ಟು ಕಿತ್ತುಹೋದ ಕಾಲೇಜು ಪ್ರತಿ.

ಮೊದಲು ಹೊಕ್ಕ ಅಂಗಡಿಯವರಿಗೆ ಎಪ್ಪತ್ತರ ಆಸುಪಾಸು. ಏನು ಬೇಕು ಅನ್ನುವ ಮೊದಲು "ಕೈ ಒಣಗಿದೆಯಾ?" ಅಂತ ಕೇಳಿದರು. ಹೊರಗೆ ಸೋನೆ ಹಿಡಿದಿತ್ತು. ಕರ್ಚೀಫಿನಲ್ಲಿ ಒರೆಸಿಕೊಂಡು ಎರಡೂ ಕೈ ತೋರಿಸಿದೆ. ಆಮೇಲೆ ಅವರು ಮೂರು ಪುಸ್ತಕ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಮುಟ್ಟಿ ನೋಡಿ ಅಂದರು. ಮೊದಲನೆಯದು ಕರುವಿನ ಚರ್ಮ. ನುಣುಪು, ತಣ್ಣಗೆ. ನೋಡೋಕೆ ಬಹಳ ಚೆಂದ, ಆದರೆ ಉಗುರು ತಾಗಿದರೂ ಗೀರು ಬೀಳುತ್ತದೆ. ಎರಡನೆಯದು ಮೊರಾಕೊ, ಅಂದರೆ ಆಡಿನ ಚರ್ಮ. ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಗಟ್ಟಿಮುಟ್ಟು ಅಂದರೆ ಅದೇ. ಮೂರನೆಯದು ಕುರಿಯದು. ಅಗ್ಗ, ಮೆತ್ತಗೆ, ಹಳತಾದಂತೆ ಪದರ ಪದರ ಸುಲಿಯುತ್ತದೆ. ಯಾವುದೇ ಆಗಲಿ, ಮೊದಲು ನೋಡಬೇಕಾದ್ದು ರಟ್ಟು ಬೆನ್ನಿಗೆ ಸೇರುವ ಮಡಿಕೆ. ಅಲ್ಲಿ ಬಿರುಕು ಬಿಟ್ಟಿದ್ದರೆ ಇವತ್ತಲ್ಲ ನಾಳೆ ರಟ್ಟು ಕೈಗೆ ಬರುತ್ತದೆ.

ಕಪಾಟಿನಿಂದ ಪುಸ್ತಕ ತೆಗೆಯುವ ರೀತಿಯನ್ನೂ ತೋರಿಸಿದರು. ನಾವೆಲ್ಲ ಬೆನ್ನಿನ ಮೇಲ್ತುದಿಗೆ ಬೆರಳು ಕೊಟ್ಟು ಎಳೆಯುತ್ತೇವೆ, ಅಲ್ವಾ? ಹಳೇ ಚರ್ಮ ಹರಿಯುವುದೇ ಅಲ್ಲಿ. ಅಕ್ಕಪಕ್ಕದ ಎರಡು ಪುಸ್ತಕ ಸ್ವಲ್ಪ ಒಳಗೆ ತಳ್ಳಬೇಕು, ಆಮೇಲೆ ಬೇಕಾದ್ದನ್ನು ನಡು ಹಿಡಿದು ತೆಗೆಯಬೇಕು. ಬೆಂಗಳೂರಿಗೆ ಬಂದ ಮೇಲೆ ಮಾಮೂಲಿ ಪುಸ್ತಕವನ್ನೂ ಹಾಗೇ ತೆಗೆಯುತ್ತಿದ್ದೇನೆ.

ಹೊರಡುವ ಹೊತ್ತಿಗೆ ವಿಲಿಯಂ ಕೂಪರನ ಕವಿತೆಗಳ ಒಂದು ಪುಸ್ತಕ ತಂದರು. ಮುಚ್ಚಿದಾಗ ಹಾಳೆಗಳ ಅಂಚಿನಲ್ಲಿ ಬರೀ ಚಿನ್ನದ ಲೇಪ. ಹಾಳೆಗಳನ್ನು ಒಟ್ಟಿಗೆ ಹಿಡಿದು ಓರೆಯಾಗಿ ಬಾಗಿಸಿದರು. ಚಿನ್ನ ಮಾಯವಾಗಿ ಅಲ್ಲೊಂದು ಚಿತ್ರ ಮೂಡಿತು. ಹೊಳೆ, ಕಲ್ಲಿನ ಸೇತುವೆ, ದಡದಲ್ಲಿ ಎರಡು ಹಸು, ಕೆಂಪು ಶಾಲಿನ ಹೆಂಗಸು. ಕೈ ಬಿಟ್ಟರೆ ಮತ್ತೆ ಚಿನ್ನ. ಹಾಳೆ ಬಾಗಿಸಿ ಹಿಡಿದು ಪ್ರತಿ ಹಾಳೆಯ ಕೂದಲೆಳೆಯಷ್ಟು ಅಂಚಿನ ಮೇಲೆ ಜಲವರ್ಣದಲ್ಲಿ ಬರೆದು, ಆಮೇಲೆ ಮುಚ್ಚಿ ಚಿನ್ನ ಹಚ್ಚುತ್ತಾರಂತೆ. ಹದಿನೆಂಟನೇ ಶತಮಾನದಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ಎಡ್ವರ್ಡ್ಸ್ ಮನೆತನದ ಬೈಂಡರುಗಳು ಇದಕ್ಕೆ ಹೆಸರಾಗಿದ್ದರು. ಬೆಲೆ ನೂರಾರು ಪೌಂಡು. "ಪುಸ್ತಕ ಹಳೇದಾದ ಮಾತ್ರಕ್ಕೆ ಚಿತ್ರವೂ ಹಳೇದು ಅಂದುಕೊಳ್ಳಬೇಡಿ, ಇಪ್ಪತ್ತನೇ ಶತಮಾನದಲ್ಲಿ ಹಳೇ ಪುಸ್ತಕಗಳಿಗೆ ಬರೆದು ಮಾರಿದ್ದು ಬೇಕಾದಷ್ಟಿದೆ" ಅಂತ ಅವರೇ ಎಚ್ಚರಿಸಿದರು. ಮಾರುವವರೇ ಹೀಗೆ ಹೇಳಿದರೆ ನಂಬಿಕೆ ಬರುತ್ತದೆ. ಚಿತ್ರವಿಲ್ಲದ ಇನ್ನೊಂದು ಕೂಪರ್, ಕರುವಿನ ಚರ್ಮದ್ದು, ಮಡಿಕೆ ರಿಪೇರಿ ಮಾಡಿದ್ದು, ಮೂವತ್ತೈದು ಪೌಂಡಿಗೆ ಕೊಂಡೆ.

ಮಂಗಳವಾರ, ಲಂಡನ್

ಬೆಳಿಗ್ಗೆಯೆಲ್ಲ ಮಳೆ. ವಾಟರ್ಲೂ ಸೇತುವೆಯ ಕೆಳಗೆ ಥೇಮ್ಸ್ ದಡದಲ್ಲಿ ಉದ್ದುದ್ದ ಮೇಜು ಹಾಕಿ ಹಳೇ ಪುಸ್ತಕ ಮಾರುತ್ತಾರೆ. ಮೇಲೆ ಸೇತುವೆ ಇರುವುದರಿಂದ ಮಳೆಯ ಕಾಟವಿಲ್ಲ. ಚರ್ಮದ ರಟ್ಟಿನವು ಅಲ್ಲಿ ಕಡಿಮೆ, ಪೇಪರ್‌ಬ್ಯಾಕ್ ಜಾಸ್ತಿ. ಸುಮ್ನೆ ಓಡಾಡೋಕೆ ಚೆನ್ನಾಗಿದೆ.

ಮಧ್ಯಾಹ್ನ ಟೀ ಕುಡಿಯುತ್ತಾ ತಂಗಿ ಮಗಳಿಗೆ 'ಗ್ರೇಟ್ ಒಮಾರ್' ಎಂಬ ಪುಸ್ತಕದ ಕಥೆ ಹೇಳಿದೆ. ಡಿ.ವಿ.ಜಿ.ಯವರ 'ಉಮರನ ಒಸಗೆ' ಅವಳ ಅಮ್ಮನಿಗೆ ಅರ್ಧಕ್ಕರ್ಧ ಬಾಯಿಗೆ ಬರುತ್ತದೆ, ಹಾಗಾಗಿ ಉಮರನ ಹೆಸರು ಅವಳಿಗೆ ಹೊಸದಲ್ಲ. ಫಿಟ್ಜೆರಾಲ್ಡ್ ಇಂಗ್ಲಿಷಿಗೆ ತಂದ ಅದೇ ಉಮರನ ರುಬಾಯಿಗಳ, ಅಂದರೆ ನಾಲ್ಕು ಸಾಲಿನ ಪದ್ಯಗಳ, ಪುಸ್ತಕಕ್ಕೆ ಲಂಡನ್ನಿನ ಸ್ಯಾಂಗೊರ್‌ಸ್ಕಿ ಮತ್ತು ಸಟ್‌ಕ್ಲಿಫ್ ಎಂಬ ಬೈಂಡರುಗಳು ಎರಡು ವರ್ಷ ಕೂತು ರಟ್ಟು ಕಟ್ಟಿದರು. ಮುಂದಿನ ರಟ್ಟಿನ ಮೇಲೆ ಮೂರು ನವಿಲು. ಸಾವಿರಕ್ಕೂ ಹೆಚ್ಚು ರತ್ನ ಕೂರಿಸಿದ್ದರು. 1912ರಲ್ಲಿ ಅದನ್ನು ಅಮೆರಿಕಕ್ಕೆ ಕಳಿಸಿದ ಹಡಗು ಟೈಟಾನಿಕ್. ಪುಸ್ತಕ ಇನ್ನೂ ಅಟ್ಲಾಂಟಿಕ್ ತಳದಲ್ಲಿದೆ. ಅದೇ ಬೇಸಿಗೆಯಲ್ಲಿ ಸ್ಯಾಂಗೊರ್‌ಸ್ಕಿ ಸಮುದ್ರದಲ್ಲಿ ಮುಳುಗಿ ತೀರಿಹೋದ. ಎರಡನೇ ಸಲ ಕಟ್ಟಿದ್ದು ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಯಿತು. ಸಟ್‌ಕ್ಲಿಫನ ಸಂಬಂಧಿ ಸ್ಟ್ಯಾನ್ಲಿ ಬ್ರೇ ಎಂಬವರು ಹಠ ಹಿಡಿದು ಮೂರನೆಯದನ್ನು ಕಟ್ಟಿ ಮುಗಿಸಿದರು. ಅದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವಳು ಕಪ್ ಕೆಳಗಿಟ್ಟು, "ಓದೋ ಪುಸ್ತಕಕ್ಕೆ ಅಷ್ಟು ರತ್ನ ಯಾಕೆ ಮಾವ?" ಅಂದಳು. ನನ್ನ ಅಭಿಪ್ರಾಯವೂ ಅದೇ. ಬೈಂಡರುಗಳ ಕೈಕೆಲಸಕ್ಕೆ ನಮಸ್ಕಾರ, ಆದರೆ ತೆರೆಯಲು ಹೆದರಿಕೆಯಾಗುವ ಪುಸ್ತಕ ನನಗೆ ಬೇಡ.

ಬುಧವಾರ, ಹ್ಯಾಂಪ್‌ಸ್ಟೆಡ್, ಆಮೇಲೆ ಹೆರೆಫರ್ಡ್

ಕೀಟ್ಸ್ ಮನೆ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡೇ ಹೋಗಬೇಕು. ಬಿಳೀ ಬಣ್ಣದ ಸಾಧಾರಣ ಮನೆ. 1818ರಿಂದ 1820ರವರೆಗೆ ಇಲ್ಲಿದ್ದ. ಗೋಡೆಯಾಚೆ ಅವನು ಪ್ರೀತಿಸಿದ ಫ್ಯಾನಿ ಬ್ರಾನ್ ಮನೆಯವರು. ಅವನು ಅವಳಿಗೆ ಕೊಟ್ಟ ಉಂಗುರ ಗಾಜಿನೊಳಗಿದೆ, ಬಹಳ ಸಣ್ಣದು. ಇದೇ ತೋಟದ ಪ್ಲಮ್ ಮರದ ಕೆಳಗೆ ಕೂತು ನೈಟಿಂಗೇಲ್ ಹಕ್ಕಿಯ ಮೇಲಿನ ಪದ್ಯ ಬರೆದ ಅನ್ನುತ್ತಾರೆ. ಮರ ಹೋಗಿದೆ, ಆ ಜಾಗದಲ್ಲಿ ಬೇರೊಂದು ನೆಟ್ಟಿದ್ದಾರೆ.

ನನ್ನ ಗಮನ ಅವನ ಪುಸ್ತಕಗಳ ಮೇಲಿತ್ತು. ಆ ಕಾಲದಲ್ಲಿ ಪ್ರಕಾಶಕರು ಕವನ ಸಂಕಲನವನ್ನು ಬರೀ ಕಾಗದ ಅಂಟಿಸಿದ ತೆಳು ರಟ್ಟಿನಲ್ಲಿ ಮಾರುತ್ತಿದ್ದರು. ಕೊಂಡವನು ಅದನ್ನು ತನ್ನ ಬೈಂಡರನ ಹತ್ತಿರ ಒಯ್ದು, ತನಗೆ ಬೇಕಾದ ಚರ್ಮ, ಬೇಕಾದ ಬಣ್ಣ ಹಾಕಿಸಿಕೊಳ್ಳಬೇಕಿತ್ತು. ಹಾಗಾಗಿ ಒಂದೇ ಮುದ್ರಣದ ಎರಡು ಪ್ರತಿ ಒಂದೇ ಥರ ಇರುವುದಿಲ್ಲ. 1820ರ ದಶಕದ ನಂತರ ಪ್ರಕಾಶಕರೇ ಬಟ್ಟೆ ರಟ್ಟು ಹಾಕಿ ಮಾರತೊಡಗಿದರು. ಚರ್ಮ ಆಮೇಲೆ ಉಡುಗೊರೆಗೆ, ಶಾಲೆಯ ಬಹುಮಾನಕ್ಕೆ, ದೊಡ್ಡವರ ಕಪಾಟಿಗೆ ಉಳಿಯಿತು.

ಕೀಟ್ಸನ ಕೊನೆಯ ಸಂಕಲನ 1820ರಲ್ಲಿ ಬಂತು. ಮರುವರ್ಷ ರೋಮ್‌ನಲ್ಲಿ ತೀರಿಹೋದ, ಇಪ್ಪತ್ತೈದು ವಯಸ್ಸು. 1822ರಲ್ಲಿ ಇಟಲಿಯ ಕರಾವಳಿಯಲ್ಲಿ ದೋಣಿ ಮುಳುಗಿ ಶೆಲ್ಲಿ ಸತ್ತಾಗ, ದಡಕ್ಕೆ ಬಂದ ದೇಹದ ಜೇಬಿನಲ್ಲಿ ಇದ್ದದ್ದು ಅದೇ ಸಂಕಲನ. ಓದುತ್ತಾ ಇದ್ದವನು ಅವಸರದಲ್ಲಿ ಜೇಬಿಗಿಟ್ಟ ಹಾಗೆ ಹಿಂದಕ್ಕೆ ಮಡಚಿತ್ತಂತೆ. ಆ ತೋಟದ ಬೆಂಚಿನ ಮೇಲೆ ಕೂತು ಇದನ್ನು ನೆನೆಸಿಕೊಂಡರೆ ಎದೆ ಭಾರವಾಗುತ್ತದೆ.

ಮಧ್ಯಾಹ್ನ ಪ್ಯಾಡಿಂಗ್‌ಟನ್‌ನಿಂದ ರೈಲು ಹಿಡಿದು ಹೆರೆಫರ್ಡ್. ಸುಮಾರು ಮೂರು ಗಂಟೆ. ದಾರಿಯುದ್ದ ಸೇಬಿನ ತೋಟ, ಹಳದಿ ಹೂವಿನ ಹೊಲ, ಕುರಿಮರಿಗಳು. ಅಲ್ಲಿಂದ ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾದ ಹೇ-ಆನ್-ವೈ ಊರಿಗೆ ಬಸ್ಸಿನಲ್ಲಿ ಒಂದು ಗಂಟೆ. ನಾವು ನೆಚ್ಚಿಕೊಂಡಿದ್ದ ಬಸ್ಸು ಅವತ್ತು ಬರಲೇ ಇಲ್ಲ. ಬೋರ್ಡಿನ ಮೇಲೆ ಹೆಸರು ಬಂತು, ಹೋಯಿತು, ಬಸ್ಸಿಲ್ಲ. ಗಾಳಿ ಮಳೆ. ಕೂಪರನ ಪುಸ್ತಕ ಇದ್ದ ಚೀಲವನ್ನು ಕೋಟಿನ ಒಳಗೆ ಹಾಕಿಕೊಂಡು ನಿಂತೆ. ಮುಂದಿನದು ಬರುವಷ್ಟರಲ್ಲಿ ಒಂದೂವರೆ ಗಂಟೆಯಾಗಿ, ಬೆರಳು ಮರಗಟ್ಟಿತ್ತು. ಈ ದಾರಿಯಲ್ಲಿ ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಕೊನೆಯ ಬಸ್ಸಿಗೆ ಅಂತ ಕಾಯದೆ ಬೆಳಕಿರುವಾಗಲೇ ಹೊರಡುವುದು ಒಳ್ಳೆಯದು.

ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಅಜ್ಜ, ಅವರ ಕಾಲಡಿ ಕಪ್ಪು ಬಿಳಿ ನಾಯಿ. ಪುಸ್ತಕಕ್ಕೆ ಬಂದದ್ದು ಅಂದೆ. ಕೂಡಲೇ "ರಾಜನನ್ನು ನಾನು ನೋಡಿದ್ದೇನೆ" ಅಂತ ಶುರು ಮಾಡಿದರು. ರಾಜ ಅಂದರೆ ರಿಚರ್ಡ್ ಬೂತ್. 1960ರ ದಶಕದ ಆರಂಭದಲ್ಲಿ ಊರಿನ ಹಳೇ ಅಗ್ನಿಶಾಮಕ ಠಾಣೆಯಲ್ಲಿ ಹಳೇ ಪುಸ್ತಕದ ಅಂಗಡಿ ತೆರೆದವರು. ಅಮೆರಿಕದಲ್ಲಿ ಮುಚ್ಚಿದ ಲೈಬ್ರರಿಗಳಿಂದೆಲ್ಲ ಪುಸ್ತಕ ತರಿಸಿದರು. ಒಂದು ಅಂಗಡಿ ಹೋಗಿ ಊರು ತುಂಬ ಅಂಗಡಿಗಳಾದವು. 1977ರ ಏಪ್ರಿಲ್ 1ರಂದು ಹೇ ಸ್ವತಂತ್ರ ರಾಜ್ಯ, ನಾನೇ ರಾಜ ಅಂತ ಸಾರಿದರು. ತಮ್ಮ ಕುದುರೆಯನ್ನು ಪ್ರಧಾನಿ ಮಾಡಿದರು. ಜಗತ್ತಿನ ಪತ್ರಿಕೆಗಳೆಲ್ಲ ಈ ಸಣ್ಣ ಊರಿನ ಹೆಸರು ಬರೆದವು. 2019ರಲ್ಲಿ ಅವರು ತೀರಿಕೊಂಡರು. "ನಮ್ಮ ಊರಿನ ಹುಡುಗರಿಗೆ ಕೆಲಸ ಕೊಟ್ಟ ಮನುಷ್ಯ" ಅಂದರು ಅಜ್ಜ. ಇಳಿಯುವಾಗ, ನಾಳೆ ಗುರುವಾರ, ಸಂತೆ ಇದೆ, ತಪ್ಪಿಸಿಕೊಳ್ಳಬೇಡಿ ಅಂತ ಹೇಳಿ ನಾಯಿಯನ್ನು ಎಬ್ಬಿಸಿದರು.

ಗುರುವಾರ, ಹೇ

ಬೆಳಿಗ್ಗೆ ಕಿಟಕಿ ತೆರೆದರೆ ಬಿಸಿಲು. ಗಡಿಯಾರ ಗೋಪುರದ ಸುತ್ತ, ಕೋಟೆಯ ಕೆಳಗಿನ ಚೌಕದಲ್ಲಿ ಸಂತೆ. ಚೀಸ್, ಬ್ರೆಡ್ಡು, ಹೂವಿನ ಸಸಿ, ಉಣ್ಣೆ. ಒಬ್ಬಾಕೆ ಕಾವಲಿ ಮೇಲೆ ವೆಲ್ಷ್ ಕೇಕ್ ಬೇಯಿಸುತ್ತಿದ್ದರು. ಅಂಗೈ ಅಗಲ, ಒಳಗೆ ಒಣದ್ರಾಕ್ಷಿ, ಮೇಲೆ ಸಕ್ಕರೆ. ಬೆಣ್ಣೆಯ ವಾಸನೆಗೆ ಕಾಲು ತಾನಾಗಿ ಅತ್ತ ಹೋಯಿತು. ಬಿಸಿಯಿರುವಾಗಲೇ ತಿನ್ನಬೇಕು. ತಿಂದ ಮೇಲೆ ಕೈ ತೊಳೆದುಕೊಂಡೇ ಅಂಗಡಿಗೆ ಹೋಗಬೇಕು, ಬೆಣ್ಣೆಗೂ ಹಳೇ ಚರ್ಮಕ್ಕೂ ಆಗಿಬರುವುದಿಲ್ಲ.

ಊರು ಇರುವುದು ವೇಲ್ಸ್‌ನ ಅಂಚಿನಲ್ಲಿ, ದಾಟಿದರೆ ಇಂಗ್ಲೆಂಡ್. ಒಂದು ಗಂಟೆಯಲ್ಲಿ ಊರೆಲ್ಲ ಸುತ್ತಬಹುದು, ಪುಸ್ತಕ ನೋಡುತ್ತಾ ಹೋದರೆ ಒಂದು ವಾರವೂ ಸಾಲದು. ಕೋಟೆಯ ಕೆಳಗೆ ಬಯಲಲ್ಲೇ ಕಪಾಟು ನಿಲ್ಲಿಸಿದ್ದಾರೆ. ಕಾಯುವವರಿಲ್ಲ. ಪುಸ್ತಕ ತಗೊಂಡು ದುಡ್ಡು ಡಬ್ಬಿಗೆ ಹಾಕಬೇಕು. ಲಯನ್ ಸ್ಟ್ರೀಟ್‌ನಲ್ಲಿ ಬೂತ್ ಹೆಸರಿನ ದೊಡ್ಡ ಅಂಗಡಿ ಇದೆ. ಬರೀ ಕವಿತೆಗೇ ಮೀಸಲಾದ ಪೊಯೆಟ್ರಿ ಬುಕ್‌ಶಾಪ್ ಇದೆ. ಇಡೀ ಅಂಗಡಿ ಕವಿತೆ! ನಮ್ಮಲ್ಲಿ ಕವಿತೆಗೆ ಒಂದು ಕಪಾಟು ಸಿಕ್ಕರೆ ಹೆಚ್ಚು.

ಮಧ್ಯಾಹ್ನ ಒಂದು ಹಳೇ ಅಂಗಡಿಯ ಮೇಲಂತಸ್ತಿನಲ್ಲಿ ಟೆನಿಸನ್, ಸ್ಕಾಟ್, ಬೈರನ್ ಸಾಲಾಗಿ ನಿಂತಿದ್ದರು. ಕಡುಗೆಂಪು ಬೆನ್ನುಗಳು. ಒಂದೊಂದೇ ತೆಗೆದು ನೋಡಿ ಇಡುತ್ತಾ ಇದ್ದೆ. "ಮಾವ, ನಿಮ್ಮ ಕೈ ನೋಡಿ" ಅಂದಳು. ಎರಡೂ ಕೈ ಬೆರಳುಗಳು, ಅಂಗಿಯ ತೋಳು, ಎಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಇದಕ್ಕೆ ಸಂಗ್ರಹಕಾರರು 'ರೆಡ್ ರಾಟ್' ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಚರ್ಮಗಳಿಗೆ ಇದು ಜಾಸ್ತಿ. ಹದ ಮಾಡುವ ಕ್ರಮ ಬದಲಾಗಿ ಚರ್ಮ ಮೊದಲೇ ದುರ್ಬಲ. ಅದರ ಮೇಲೆ ಗ್ಯಾಸ್ ದೀಪ, ಕಲ್ಲಿದ್ದಲ ಹೊಗೆಯ ಗಂಧಕವನ್ನು ಹೀರಿಕೊಂಡು ಒಳಗೇ ಆಮ್ಲವಾಗುತ್ತದೆ. ನಾರು ಪುಡಿಯಾಗಿ ಉದುರುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲಾಗದು.

ಅಂಗಡಿ ನೋಡಿಕೊಳ್ಳುವಾಕೆ ಒದ್ದೆ ಬಟ್ಟೆ ತಂದುಕೊಟ್ಟರು. ಎಣ್ಣೆ, ಪಾಲಿಶ್ ಏನೂ ಸವರಬೇಡಿ, ಅದು ಇನ್ನಷ್ಟು ಕೆಡಿಸುತ್ತದೆ ಅಂದರು. ಪುಡಿ ಉದುರದಂತೆ ಹಿಡಿದಿಡಲು ಕ್ಲೂಸೆಲ್ ಅನ್ನುವ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕುಂಚದಲ್ಲಿ ಹಚ್ಚುತ್ತಾರೆ. ಚರ್ಮ ಮೊದಲಿನಂತಾಗುವುದಿಲ್ಲ, ಆದರೆ ಕೈಗೆ ಹತ್ತುವುದು ನಿಲ್ಲುತ್ತದೆ. ನಮ್ಮ ಕಡೆ ಹಳೇ ಪುಸ್ತಕಕ್ಕೆ ಕೊಬ್ಬರಿ ಎಣ್ಣೆ ಸವರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಆ ಸಾಲು ಯಾರು ಕೊಳ್ಳುತ್ತಾರೆ ಅಂತ ಕೇಳಿದೆ. ಮನೆ ಅಲಂಕಾರ ಮಾಡುವವರು ಬಂದು ಗಜದ ಲೆಕ್ಕದಲ್ಲಿ ಒಯ್ಯುತ್ತಾರಂತೆ. ಹೆಸರು ಬೇಡ, ಬಣ್ಣ ಹೊಂದಬೇಕು ಅಷ್ಟೇ. ಹೋಟೆಲಿನ ಗೋಡೆಗೆ, ಸಿನಿಮಾ ಸೆಟ್ಟಿಗೆ. ಟೆನಿಸನ್ನನ ಬೆನ್ನು ಅಲ್ಲಿ ಕೂರುತ್ತದೆ, ಹಾಳೆ ಯಾರೂ ತಿರುವುವುದಿಲ್ಲ. ನನಗೆ ಸಂಕಟವಾಯಿತು. ಮನೆಯಲ್ಲಿ ದೊಡ್ಡ ಕಪಾಟು ಇದ್ದಿದ್ದರೆ ಅಷ್ಟನ್ನೂ ಹೊತ್ತು ತರುತ್ತಿದ್ದೆ.

ಶುಕ್ರವಾರ, ಹೇ

ಬೆಳಿಗ್ಗೆ ವೈ ನದಿಯ ದಡದಲ್ಲಿ ನಡೆದೆವು. ಮರಗಳ ಕೆಳಗೆಲ್ಲ ಕಾಡು ಬೆಳ್ಳುಳ್ಳಿ, ಕಾಲಿಟ್ಟಲ್ಲೆಲ್ಲ ಅದರ ವಾಸನೆ. ಬಿಸಿಲಿತ್ತು. ನೋಡನೋಡುತ್ತಾ ಮೋಡ ಕವಿದು ಆಲಿಕಲ್ಲು ಸುರಿಯಿತು. ಛತ್ರಿ ಉಲ್ಟಾ ಆಯಿತು. ಓಡಿ ಊರು ಸೇರಿ ಕಣ್ಣಿಗೆ ಕಂಡ ಮೊದಲ ಅಂಗಡಿಗೆ ನುಗ್ಗಿದೆವು. ಪೇಟೆ ಬೀದಿಯಲ್ಲ, ಹಿಂದಿನ ಇಳಿಜಾರಿನಲ್ಲಿ ಒಂದು ಕಿರಿದಾದ ಕೋಣೆ. ಒಳಗೆ ಹೀಟರ್ ಇತ್ತು.

ಅಲ್ಲಿ ಮೊದಲು ಸಿಕ್ಕಿದ್ದು ಮಿಲ್ಟನ್. ಶಾಲೆಯ ಬಹುಮಾನದ ಪ್ರತಿ. ಪೂರ್ತಿ ಕರುವಿನ ಚರ್ಮ, ಮುಂದಿನ ರಟ್ಟಿಗೆ ಚಿನ್ನದಲ್ಲಿ ಶಾಲೆಯ ಲಾಂಛನ, ಒಳಗೆ ಗಣಿತದಲ್ಲಿ ಮೊದಲು ಬಂದ ಹುಡುಗನಿಗೆ ಕೊಟ್ಟದ್ದು ಅಂತ ಚೀಟಿ. ಒಳಹಾಳೆಗೆ ಬಣ್ಣದ ಸುಳಿಸುಳಿ ಕಾಗದ. ಒಂದು ಇಪ್ಪತ್ತು ಮೂವತ್ತು ಪುಟ ಸಲೀಸಾಗಿ ತೆರೆಯಿತು. ಆಮೇಲೆ ಹಾಳೆ ಹಾಳೆಗೂ ಟಿಕ್ ಟಿಕ್ ಅಂತ ಮೆಲ್ಲಗೆ ಬಿಡುವ ಶಬ್ದ. ಚಿನ್ನದ ಲೇಪ ಹಾಳೆಗಳನ್ನು ಅಂಚಿನಲ್ಲಿ ಅಂಟಿಸಿತ್ತು. ಅಂದರೆ ಅಷ್ಟು ವರ್ಷ ಯಾರೂ ಅಲ್ಲಿಂದ ಮುಂದೆ ಓದಿಯೇ ಇಲ್ಲ. 1667ರಲ್ಲಿ ಕಣ್ಣು ಕಾಣದ ಮಿಲ್ಟನ್‌ಗೆ 'ಪ್ಯಾರಡೈಸ್ ಲಾಸ್ಟ್' ಅಚ್ಚಿಗೆ ಕೊಟ್ಟಾಗ ಕೈಗೆ ಬಂದದ್ದು ಐದು ಪೌಂಡು. ಮೊದಲ ಮುದ್ರಣ ಮಾರಿಹೋದ ಮೇಲೆ ಇನ್ನೈದು. ನಾನು ಹದಿನೆಂಟು ಪೌಂಡು ಕೊಟ್ಟೆ. ಉಳಿದ ಹಾಳೆ ನಾನು ಬಿಡಿಸುತ್ತೇನೆ ಅಂತ.

ಅಂಗಡಿಯವರು ನಮ್ಮ ಒದ್ದೆ ಕೋಟು ಹೀಟರ್ ಪಕ್ಕ ನೇತುಹಾಕಿ, ಇನ್ನೇನು ನೋಡುತ್ತೀರಿ ಅಂದರು. 'ಗೋಲ್ಡನ್ ಟ್ರೆಷರಿ' ಅಂದೆ. ಅಯ್ಯೋ, ಅದು ಎಲ್ಲರ ಮನೆಯಲ್ಲೂ ಇತ್ತು, ಯಾರೂ ಕೇಳುವುದಿಲ್ಲ ಅಂತ ಹೇಳಿ ಮೇಜಿನ ಕೆಳಗಿನ ಪೆಟ್ಟಿಗೆ ಎಳೆದರು. ಆರೇಳು ಪ್ರತಿ ಇದ್ದವು. ಹೆಚ್ಚಿನವು ಬಟ್ಟೆ ರಟ್ಟು. ಒಂದು ಮಾತ್ರ ಕಡುಹಸಿರು ಮೊರಾಕೊ. 1890ರ ದಶಕದ ಮರುಮುದ್ರಣ. ಅಂಗಿ ಜೇಬಿಗೆ ದೊಡ್ಡದು, ಕೋಟಿನ ಜೇಬಿಗೆ ಸರಿಯಾಗುವ ಗಾತ್ರ. ಬೆನ್ನಿನ ಹಸಿರು ಬಿಸಿಲಿಗೆ ಕಂದಾಗಿತ್ತು, ರಟ್ಟಿನ ಹಸಿರು ಹಾಗೇ ಇತ್ತು. ಮೂಲೆಗಳು ಸವೆದಿದ್ದವು. ಮಡಿಕೆ ಗಟ್ಟಿ. ಒಳಗೆ ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳು, ಮುಖ್ಯವಾಗಿ ನಾಲ್ಕನೇ ಭಾಗದಲ್ಲಿ. ಪಾಲ್‌ಗ್ರೇವ್ ಪುಸ್ತಕವನ್ನು ನಾಲ್ಕು ಭಾಗ ಮಾಡಿದ್ದಾನೆ. ಶೇಕ್ಸ್‌ಪಿಯರ್ ಕಾಲ, ಮಿಲ್ಟನ್ ಕಾಲ, ಗ್ರೇ ಕಾಲ, ವರ್ಡ್ಸ್‌ವರ್ತ್ ಕಾಲ. ಬದುಕಿದ್ದ ಕವಿಗಳನ್ನು ಮೊದಲ ಮುದ್ರಣಕ್ಕೆ ಸೇರಿಸಲಿಲ್ಲ. ಟೆನಿಸನ್ ಸಲಹೆ ಕೊಟ್ಟ, ಪುಸ್ತಕ ಅವನಿಗೇ ಅರ್ಪಣೆ, ಆದರೆ ಅವನ ಪದ್ಯ ಇಲ್ಲ.

ಮೊದಲ ಪುಟ ತೆರೆದೆ. ಮೊದಲ ಪದ್ಯ ಥಾಮಸ್ ನ್ಯಾಶ್‌ನ 'ಸ್ಪ್ರಿಂಗ್'. ನಾಲ್ಕು ಸಾಲು ಇಂಗ್ಲಿಷಿನಲ್ಲಿ ಓದುವಷ್ಟರಲ್ಲಿ ತಂಗಿ ಮಗಳು ಹೆಗಲ ಮೇಲಿಂದ ಇಣುಕಿ, "ಮಾವ, ಇದು ನಮ್ಮ 'ವಸಂತ ಬಂದ, ಋತುಗಳ ರಾಜ ತಾ ಬಂದ' ಅಲ್ವಾ!" ಅಂದಳು. ಅವಳ ಅಮ್ಮ ಶಾಲೆಯಲ್ಲಿ ಕಲಿತು, ಅಡುಗೆಮನೆಯಲ್ಲಿ ಹಾಡುತ್ತಾ ಇವಳಿಗೂ ಕಲಿಸಿದ್ದು. ಕೊನೆಯ ಸಾಲಿನ ಹಕ್ಕಿಗಳ ಕೂಗು ಕಂಡದ್ದೇ ತಡ, ಅಂಗಡಿ ಮಧ್ಯೆ ನಿಂತು "ಕೂವೂ, ಜಗ್ ಜಗ್, ಪುವ್ವೀ, ಟೂವಿಟ್ಟವೂ" ಅಂತ ಜೋರಾಗಿ ಹಾಡಿಬಿಟ್ಟಳು. ಅಂಗಡಿಯವರು ಪೆನ್ನು ಕೆಳಗಿಟ್ಟರು. ಇದು ಕನ್ನಡ, ನಮ್ಮ ಊರಿನ ಕಡೆ ಮಕ್ಕಳಿಗೆ ಇದನ್ನು ಕಲಿಸಿದ್ದರು ಅಂತ ವಿವರಿಸಿದೆ. ಇನ್ನೊಮ್ಮೆ ಹಾಡಿ ಅಂದರು. ಈ ಸಲ ನಾನೂ ಸೇರಿದೆ. ಅವರು ಇಂಗ್ಲಿಷ್ ಸಾಲು ಹೇಳಿದರು. ಮೂರೂ ಜನ ಹಕ್ಕಿಗಳ ಹಾಗೆ ಕೂಗಿದೆವು. ಹೊರಗೆ ಆಲಿಕಲ್ಲು ಇನ್ನೂ ಬೀಳುತ್ತಿತ್ತು.

ಚೀಟಿಯಲ್ಲಿ ಮೂವತ್ತೆಂಟು ಪೌಂಡು ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಅವರೇ ಅಳಿಸಿ ಇಪ್ಪತ್ತೆಂಟು ಅಂತ ಬರೆದರು. ನಾನು ಚೌಕಾಸಿ ಮಾಡಿರಲಿಲ್ಲ. ಎರಡು ಮೂರು ಪುಸ್ತಕ ಒಟ್ಟಿಗೆ ಕೊಂಡರೆ ಬೆಲೆ ಇಳಿಸುವುದು ಈ ಊರಿನಲ್ಲಿ ಮಾಮೂಲು, ಮರ್ಯಾದೆಯಿಂದ ಕೇಳಿದರೆ ಬೇಸರಪಡುವುದಿಲ್ಲ. ಸಂಜೆ ಬಿಸಿಲು ಬಂದಾಗ ಕುರಿ ಹಾಲಿನ ಐಸ್‌ಕ್ರೀಮ್ ತಿಂದು ಕೊಂಡ ಖುಷಿಯನ್ನು ಆಚರಿಸಿದೆವು. ಮೇ ಕೊನೆಗೆ ಇಲ್ಲಿ ದೊಡ್ಡ ಸಾಹಿತ್ಯ ಉತ್ಸವ. ಆಗ ರೂಮು ಸಿಗುವುದು ಕಷ್ಟ. ಅಂಗಡಿಯವರ ಜೊತೆ ನಿಧಾನ ಮಾತಾಡಬೇಕು ಅನ್ನುವವರಿಗೆ ಏಪ್ರಿಲ್ಲೇ ಸರಿ.

ಶನಿವಾರ, ದಾರಿ

ಬಸ್ಸು, ಮೂರು ರೈಲು, ಮತ್ತೆ ಬಸ್ಸು. ಕ್ರೂ, ಆಕ್ಸನ್‌ಹೋಮ್‌ಗಳಲ್ಲಿ ಬದಲಿಸಿ ವಿಂಡರ್‌ಮಿಯರ್ ಸೇರಿದೆವು. ಸೂಟ್‌ಕೇಸಿನ ಒಂದು ಚಕ್ರ ಕ್ರೂ ನಿಲ್ದಾಣದ ಮೆಟ್ಟಿಲಿನಲ್ಲಿ ಕಳಚಿಬಿತ್ತು. ಪುಸ್ತಕದ ಭಾರ ಅಂದರೆ ಏನು ಅಂತ ಚಕ್ರ ಇಲ್ಲದಾಗ ಗೊತ್ತಾಗುತ್ತದೆ. ವಿಂಡರ್‌ಮಿಯರ್‌ನಿಂದ ಗ್ರಾಸ್‌ಮಿಯರ್‌ಗೆ 555ನೇ ನಂಬರಿನ ಬಸ್ಸು. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಸರೋವರ, ಬೆಟ್ಟ, ಕಲ್ಲಿನ ಪಾಗಾರ ಎಲ್ಲ ಕಣ್ಣೆದುರಿಗೆ. ಇಳಿದಾಗ ಕತ್ತಲು, ಜಿಟಿಜಿಟಿ ಮಳೆ. ಸೂಪು ಕುಡಿದು ಮಲಗಿದೆವು.

ಭಾನುವಾರ, ಗ್ರಾಸ್‌ಮಿಯರ್

ವರ್ಡ್ಸ್‌ವರ್ತ್ 1799ರ ಕೊನೆಗೆ ತಂಗಿ ಡೊರೊಥಿ ಜೊತೆ ಬಂದು 1808ರವರೆಗೆ ಇದ್ದ ಮನೆ ಡವ್ ಕಾಟೇಜ್. ತಗ್ಗಿನ ಮಾಳಿಗೆ, ಕಲ್ಲು ಹಾಸಿನ ನೆಲ, ಒಳಗೆ ನಡುಹಗಲೂ ಮಬ್ಬು. ಮೇಲೆ ಒಂದು ಪುಟ್ಟ ಕೋಣೆಯ ಗೋಡೆಗೆಲ್ಲ ಡೊರೊಥಿ ಚಳಿ ತಡೆಯಲು ಹಳೇ ಪತ್ರಿಕೆ ಅಂಟಿಸಿದ್ದಳು. ಈಗಲೂ ಆ ಕೋಣೆಯಲ್ಲಿ ಹಾಗೇ ಪತ್ರಿಕೆ ಅಂಟಿಸಿ ಇಟ್ಟಿದ್ದಾರೆ. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಅಲ್ಸ್‌ವಾಟರ್ ದಡದಲ್ಲಿ ಡ್ಯಾಫೊಡಿಲ್ ಹೂವಿನ ಸಾಲು ಕಂಡರು. ಅವಳು ದಿನಚರಿಯಲ್ಲಿ ಬರೆದಿಟ್ಟಳು, ಅವನು ಎರಡು ವರ್ಷ ಬಿಟ್ಟು ಪದ್ಯ ಬರೆದ. ನಾವು ಹೋದಾಗಲೂ ರಸ್ತೆ ಬದಿ, ಚರ್ಚಿನ ಪಕ್ಕ, ಎಲ್ಲೆಲ್ಲೂ ಅದೇ ಹೂವು. ಡೊರೊಥಿಯ ಹೆಸರು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ, ಹೇಳಬೇಕಿತ್ತು.

ಸೇಂಟ್ ಆಸ್ವಾಲ್ಡ್ ಚರ್ಚಿನ ಅಂಗಳದಲ್ಲಿ ಮನೆಯವರೆಲ್ಲರ ಸಮಾಧಿ, ಕವಿಯೇ ನೆಡಿಸಿದ ಯೂ ಮರಗಳ ನೆರಳಲ್ಲಿ. ಪಕ್ಕದಲ್ಲೇ ಹಳೇ ಶಾಲೆಯ ಪುಟ್ಟ ಕಟ್ಟಡ. ಅಲ್ಲಿ 1854ರಲ್ಲಿ ಸಾರಾ ನೆಲ್ಸನ್ ಎಂಬಾಕೆ ಶುರು ಮಾಡಿದ ಜಿಂಜರ್‌ಬ್ರೆಡ್ ಇವತ್ತಿಗೂ ಮಾಡುತ್ತಾರೆ. ಶುಂಠಿ ಘಾಟು, ಮೇಲೆ ಪುಡಿಪುಡಿ, ಒಳಗೆ ಅಗಿಯುವ ಹದ. ಇಬ್ಬರು ನಿಂತರೆ ತುಂಬುವ ಅಂಗಡಿ, ಹೊರಗೆ ಸಾಲು.

ಮಧ್ಯಾಹ್ನ ಆಂಬಲ್‌ಸೈಡ್‌ಗೆ ಹೋದೆವು. ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಪಿಂಗಾಣಿ ಕಪ್ಪುಗಳ ಹಿಂದೆ ವರ್ಡ್ಸ್‌ವರ್ತ್ ಸಮಗ್ರ ಕವಿತೆಗಳ ಸೆಟ್ ಕಣ್ಣಿಗೆ ಬಿತ್ತು. ಲಂಡನ್ನಿನ ಎಡ್ವರ್ಡ್ ಮಾಕ್ಸನ್ ಪ್ರಕಟಣೆ. ಬೆನ್ನು ಮತ್ತು ಮೂಲೆಗೆ ಮಾತ್ರ ಕರುವಿನ ಚರ್ಮ, ಉಳಿದ ರಟ್ಟಿಗೆ ಬಣ್ಣದ ಕಾಗದ. ಎರಡು ಸಂಪುಟ ಕಾಣೆಯಾಗಿದ್ದವು. ಒಡೆದ ಸೆಟ್ಟನ್ನು ಸಂಗ್ರಹಕಾರರು ಮುಟ್ಟುವುದಿಲ್ಲ, ಹಾಗಾಗಿ ಬಿಡಿಯಾಗಿ ಮಾರುತ್ತಿದ್ದರು, ಒಂದಕ್ಕೆ ಆರು ಪೌಂಡು. ಓದುವವರಿಗೆ ಇಂಥ ಬಿಡಿ ಸಂಪುಟದಷ್ಟು ಲಾಭ ಬೇರೆ ಇಲ್ಲ ಅಂತ ನನ್ನ ಎಣಿಕೆ. ಒಂದನ್ನು ಆರಿಸಿದೆ. ಹಿಂದಿನ ಒಳರಟ್ಟಿನ ಮೂಲೆಯಲ್ಲಿ ಉಗುರಿನಷ್ಟು ಚೀಟಿ, ಅದರ ಮೇಲೆ ಬೈಂಡರನ ಹೆಸರು, ಕೆಳಗೆ ಕೆಂಡಲ್ ಅಂತ ಊರಿನ ಹೆಸರು. ಕವಿಯ ಮನೆಯಿಂದ ಇಪ್ಪತ್ತು ಮೈಲಿಯೊಳಗೆ. ಲಂಡನ್ನಿನಲ್ಲಿ ಅಚ್ಚಾಗಿ, ಇಲ್ಲಿನ ಯಾರೋ ಕೊಂಡು, ಇಲ್ಲೇ ರಟ್ಟು ಕಟ್ಟಿಸಿ, ಇಲ್ಲೇ ಉಳಿದ ಪುಸ್ತಕ. ಆ ಚೀಟಿಗಾಗಿ ಅದನ್ನು ಕೈ ಬಿಡಲಾಗಲಿಲ್ಲ. ಹಳೇ ಪುಸ್ತಕ ಕೊಳ್ಳುವಾಗ ಹಿಂದಿನ ಒಳರಟ್ಟು ತಪ್ಪದೆ ನೋಡಿ.

ವಾಪಸ್ಸು

ಮ್ಯಾಂಚೆಸ್ಟರ್‌ನಿಂದ ವಿಮಾನ. ಪುಸ್ತಕಗಳನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೆನ್ನು ಕೆಳಗಾಗಿ, ಕೈಚೀಲದಲ್ಲೇ ಇಟ್ಟುಕೊಂಡೆ. ಬಬಲ್ ಪ್ಲಾಸ್ಟಿಕ್ ನೇರ ಚರ್ಮಕ್ಕೆ ತಾಗಿದರೆ ಗುಳ್ಳೆಯ ಗುರುತು ಬೀಳಬಹುದು. ತಪಾಸಣೆಯಲ್ಲಿ ಚೀಲ ಬಿಚ್ಚಿಸಿ, ಒಂದೊಂದೇ ಹಾಳೆ ತಿರುವಿ ನೋಡಿ ಬಿಟ್ಟರು. ಸ್ವಲ್ಪ ಮುಂಚೆ ಹೋದರೆ ಗಾಬರಿಯಿಲ್ಲ. ಬಿಲ್ಲುಗಳು ಕೈಗೆ ಸಿಗುವಂತಿರಲಿ.

ಬೆಂಗಳೂರಲ್ಲಿ ಹೊರಗೋಡೆಗೆ ತಾಗದ, ಬಿಸಿಲು ಬೀಳದ ಕಪಾಟಿನಲ್ಲಿ ಇಟ್ಟಿದ್ದೇನೆ, ಒತ್ತೊತ್ತಾಗಿ ಅಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಬೂಸ್ಟು ಹಿಡಿದಿದೆಯಾ ನೋಡಬೇಕು. ಮಲೆನಾಡಿನಲ್ಲಿರುವ ಗೆಳೆಯರು ಚರ್ಮದ ಪುಸ್ತಕ ಇಡುವುದಾದರೆ ತೇವ ಅಳೆಯುವ ಮೀಟರ್ ಒಂದು ಇಟ್ಟುಕೊಳ್ಳುವುದು ಒಳ್ಳೆಯದು.

ಮಿಲ್ಟನ್ನನ ಅಂಟಿದ ಹಾಳೆಗಳನ್ನು ಬಿಡಿಸುತ್ತಾ ಮೂರನೇ ಸರ್ಗದ ಹತ್ತಿರ ಬಂದಿದ್ದೇನೆ. ಹಸಿರು ಪುಸ್ತಕ ಬೆಳಗಿನ ಕಾಫಿ ಜೊತೆ, ದಿನಕ್ಕೊಂದು ಪದ್ಯ. ಮೊದಲ ಭಾಗ ಮುಗಿಯಿತು. ಎರಡನೇ ಭಾಗದಲ್ಲಿ ಈಗ 'ಲಿಸಿಡಾಸ್'. ಉದ್ದ ಪದ್ಯ, ಒಂದು ವಾರವಾದರೂ ಹಿಡಿಯುತ್ತದೆ.